ಕಪಾಟು ಪಂಡಿತರು

ಕಾಳಿ ನದಿ ಸಮುದ್ರ ಸೇರುವಲ್ಲಿನ ದೇವಬಾಗದ ಗಾಳಿಮರದ ತೋಪಿನಿಂದ ಹಿಡಿದು ದಕ್ಷಿಣಕ್ಕೆ ಅಂಕೋಲೆಯ ಬೇಲೇಕೇರಿಯವರೆಗಿನ ಕರಾವಳಿಯಲ್ಲಿ ಊರಿಗೊಬ್ಬರಂತೆ ಕಾಣಸಿಗುವ ಒಂದು ಮನುಷ್ಯವರ್ಗವನ್ನು, ಬೇರೆ ಹೆಸರು ರೂಢಿಯಲ್ಲಿಲ್ಲದ ಕಾರಣ, ಇಲ್ಲಿ ಕಪಾಟು ಪಂಡಿತರು ಎಂದು ಕರೆಯಲಾಗಿದೆ. ಇವರು ಸಾಮಾನ್ಯವಾಗಿ ಹೈಸ್ಕೂಲು, ಬ್ಯಾಂಕು, ಬಂದರು ಇಲಾಖೆ ಅಥವಾ ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಈ ಪೈಕಿ ಅರಣ್ಯ ಇಲಾಖೆಯವರೊಡನೆ ಮಾತಿಗೆ ನಿಲ್ಲುವುದು ಹೆಚ್ಚು ಅಪಾಯಕರ, ಏಕೆಂದರೆ ಅವರಿಗೆ ಬಣ್ಣದ ಜೊತೆಗೆ ಮರವೂ ಗೊತ್ತು. ಸ್ವಂತ ಮನೆಯ ಅಡಿಗೆಕೋಣೆಯ ಕಪಾಟಿಗೆ ಬಹುಕಾಲ ಬಾಳುವ ಬಣ್ಣ ಬಳಿಸಬೇಕೆಂದು ಸಂಕಲ್ಪ ಮಾಡಿ, ಆ ಸಂಕಲ್ಪವನ್ನು ಯಾವ ಬಣ್ಣಕ್ಕಿಂತಲೂ ಹೆಚ್ಚು ಕಾಲ ಬಾಳಿಸಿಕೊಂಡು ಬಂದಿರುವುದು ಇವರೆಲ್ಲರ ಸಮಾನ ಲಕ್ಷಣ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಗೃಹಪ್ರವೇಶಕ್ಕೆ ಬಂದ ಉಳಿದವರು ದೇವರಿಗೆ ಕೈಮುಗಿದು ಊಟದ ಪಂಕ್ತಿಯತ್ತ ನಡೆದರೆ, ಪಂಡಿತರು ನೇರವಾಗಿ ಅಡಿಗೆಕೋಣೆ ಹೊಕ್ಕು, ಹೊಸ ಕಪಾಟಿನ ಬಾಗಿಲನ್ನು ಅರ್ಧ ತೆರೆದು, ಎಲ್ಲರೂ ನೋಡುವ ಹೊಳೆಯುವ ಮೈಯನ್ನು ಬಿಟ್ಟು ಯಾರೂ ನೋಡದ ಕೆಳ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಮರದ ನಾರು ಕಡಿದುಕೊಂಡು ನಿಲ್ಲುವ ಅಡ್ಡತುದಿ ನೀರನ್ನು ಉಳಿದ ಮೈಗಿಂತ ಎಷ್ಟೋ ಪಾಲು ವೇಗವಾಗಿ ಹೀರುವುದರಿಂದಲೂ, ಬಾಗಿಲು ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ತಲುಪದಿರುವುದರಿಂದಲೂ, ಪೇಂಟರನ ಪ್ರಾಮಾಣಿಕತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂಬುದು ಅವರ ಸಿದ್ಧಾಂತ. ಮತ್ತು ಅದು ಸರಿಯಾದ ಸಿದ್ಧಾಂತವೂ ಹೌದು. ಅನಂತರ ಹೆಬ್ಬೆರಳಿನ ಉಗುರನ್ನು ಒಮ್ಮೆ ಒತ್ತಿ, "ಪ್ರೈಮರ್ ಹಾಕಲಿಲ್ಲ" ಎಂದು ಮನೆಯ ಯಜಮಾನನಿಗೆ ಹೇಳದೆ, ಮಾಡಿನ ಹಂಚಿಗೆ ಹೇಳಿದಂತೆ ಹೇಳಿ ಹೊರಬರುತ್ತಾರೆ.

ಇಂಥವರು ಘಟ್ಟದ ಮೇಲೆ ಇಷ್ಟು ಸಮೃದ್ಧವಾಗಿ ಬೆಳೆಯದಿರುವುದಕ್ಕೆ ಹವೆಯೇ ಕಾರಣವಿರಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ಈ ನೆಲದಲ್ಲಿ, ಬೇಸಿಗೆಯಲ್ಲಿ ಶೇಕಡಾ 12–13ರಷ್ಟು ತೇವ ಇಟ್ಟುಕೊಂಡಿರುವ ಸಾಗುವಾನಿಯೋ ಹಲಸೋ ಆಷಾಢದ ಹೊತ್ತಿಗೆ ಶೇಕಡಾ 18ರ ಆಸುಪಾಸಿಗೆ ಏರಿ, ಉದ್ದಕ್ಕೆ ಬೆಳೆಯದಿದ್ದರೂ ಅಡ್ಡಕ್ಕೆ ಉಬ್ಬಿ, ಬಾಗಿಲನ್ನು ಚೌಕಟ್ಟಿಗೆ ಕಚ್ಚಿಸಿ, ಮಾಘದಲ್ಲಿ ಮತ್ತೆ ಕುಗ್ಗುತ್ತದೆ. ಮರದೊಂದಿಗೆ ಹಿಗ್ಗಿ ಕುಗ್ಗಲಾರದ ಬಣ್ಣದ ಪದರ ಮೊದಲು ಕೀಲುಗಳಲ್ಲಿ ಸೀಳುತ್ತದೆ, ಆ ಸೀಳಿನಿಂದ ತೇವ ಒಳಸೇರುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಬಿಜಾಗರಿಯ ಕಂದು ನೀರು ಕೆಳಗಿಳಿದು ಚಿತ್ತಾರ ಬರೆಯುತ್ತದೆ. ಇಷ್ಟನ್ನೂ ಬಲ್ಲ ಪಂಡಿತರು ಯಾವ ಕಂಪನಿಯ ಡಬ್ಬಿಯನ್ನು ತೋರಿಸಿದರೂ ಅದರ ಬೆನ್ನಿನ ಬರಹವನ್ನು ಕಡೆಯ ಅಕ್ಷರದವರೆಗೆ ಓದಿ, "ಇದು ಧಾರವಾಡಕ್ಕೆ ಆಗ್ತದೆ, ನಮ್ಮ ಬದಿಗೆ ನಡಿಯೂದಿಲ್ಲ" ಎಂದು ಹಿಂದಿರುಗಿಸುತ್ತಾರೆ.

ಅವರ ಪಾಂಡಿತ್ಯದ ನಿಜವಾದ ವಿಸ್ತಾರ ತಿಳಿಯುವುದು ನಿರಾಕರಣೆಯಲ್ಲಿ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ತಿಕ್ಕುವ ಫ್ರೆಂಚ್ ಪಾಲಿಶ್ ನೋಡಲು ಚೆಂದವಾದರೂ ಬಿಸಿ ಚಹದ ಲೋಟ ಇಟ್ಟಲ್ಲೆಲ್ಲ ಬಿಳಿ ಬಳೆ ಮೂಡಿಸುವುದರಿಂದ ಅದು ತಿರಸ್ಕೃತ. ಅರಗಿನ ಮಾತು ಬಂದ ಮೇಲೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದ್ದು, 1962ರ ಚುನಾವಣೆಯಿಂದೀಚೆಗೆ ದೇಶದ ಮತದಾರರ ಬೆರಳಿಗೆಲ್ಲ ಅಲ್ಲಿಯ ಶಾಯಿಯೇ ಬಿದ್ದದ್ದು, ಇವೆರಡನ್ನೂ ಹೇಳದೆ ಪಂಡಿತರು ಮುಂದೆ ಹೋಗುವುದಿಲ್ಲ. ಹೇಳಿ ಮುಗಿಸಿ, ಮತದಾನದ ಶಾಯಿಯಷ್ಟು ಗಟ್ಟಿಯಾಗಿ ಹಿಡಿಯುವ ಬಣ್ಣವನ್ನು ಕಪಾಟಿಗೆ ಯಾರೂ ಮಾಡಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೇ ಬೆರೆತು ಕಲೆಯಾಗುವುದೆಂದೂ, ಕಪಾಟಿಗೆ ಚರ್ಮವಿಲ್ಲವೆಂದೂ ಅವರಿಗೆ ನೆನಪಿಸುವ ಧೈರ್ಯ ಯಾರೂ ಮಾಡಿದಂತಿಲ್ಲ.

ಬೇಗನೆ ಆರುವ ನೈಟ್ರೋಸೆಲ್ಯುಲೋಸ್ ಅಥವಾ ಎನ್‌ಸಿ ಲ್ಯಾಕರ್ ಮಳೆಗಾಲದಲ್ಲಿ ಕೆಲಸಕ್ಕೆ ಬಾರದು: ಅದರ ದ್ರಾವಕ ಆವಿಯಾಗುವ ರಭಸಕ್ಕೆ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿಯೇ ಇಳಿದು ಮಂಜು ಕವಿದಂತಾಗುತ್ತದೆ. ಎಲ್ಲರೂ ಬಲ್ಲ ಆಯಿಲ್ ಪೇಂಟು, ಅಂದರೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಎನಾಮೆಲ್, ತೇವದ ದಿನಗಳಲ್ಲಿ ನಿಧಾನಕ್ಕೆ ಆರುವುದಲ್ಲದೆ, ಬಿಳಿಯದಾದರೆ ಬೆಳಕು ಬೀಳದ ಕಪಾಟಿನ ಒಳಮೈಯಲ್ಲಿ ಹಳದಿಯಾಗುತ್ತದೆ. ಎರಡು ಡಬ್ಬಿಗಳಲ್ಲಿ ಬಂದು, ಬಳಸುವ ಮುನ್ನ ಬೆರೆಸಬೇಕಾದ ಪಾಲಿಯುರೆಥೇನ್ ಅಥವಾ ಪಿಯು ಇವೆಲ್ಲಕ್ಕಿಂತ ಗಟ್ಟಿ, ಎಣ್ಣೆಗೂ ಅರಿಸಿನಕ್ಕೂ ಬಗ್ಗುವಂಥದ್ದಲ್ಲ. ಆದರೆ ಬೆರೆಸಿದ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಅದರ ಗಟ್ಟಿಕಾರಕ ತೇವ ಸೋಕಿದರೆ ನೊರೆಗುಳ್ಳೆ ಎಬ್ಬಿಸುತ್ತದೆ, ಸಿಂಪಡಿಸುವವನಿಗೆ ತಕ್ಕ ಮುಖಗವಸು ಬೇಕೇ ಬೇಕು. ನೀರು ಬೆರೆಸಿ ಬಳಿಯುವ ಅಕ್ರಿಲಿಕ್ ಎನಾಮೆಲ್ಲಿಗೆ ವಾಸನೆ ಕಡಿಮೆ, ಹಳದಿಯಾಗುವ ಭಯವೂ ಇಲ್ಲ. ಪೂರ್ತಿ ಗಟ್ಟಿಯಾಗುವ ಮುನ್ನ ಬಾಗಿಲು ಮುಚ್ಚಿದರೆ ಮಾತ್ರ ಚೌಕಟ್ಟಿಗೆ ಅಂಟಿಕೊಂಡು, ತೆರೆಯುವಾಗ ಚರ್ಮ ಸುಲಿದಂತೆ ಕಿತ್ತುಬರುತ್ತದೆ. ಬಾಗಿಲಿಗೆ ತೆಂಗಿನೆಣ್ಣೆ ಸವರಿದರೆ ಸಾಲದೇ ಎಂದು ಕೇಳುವ ಅತ್ತೆಯಂದಿರಿಗೆ ಪಂಡಿತರಲ್ಲಿ ಪ್ರತ್ಯೇಕ ಉಪನ್ಯಾಸವಿದೆ: ಅಗಸೆ ಎಣ್ಣೆ ಗಾಳಿಗೆ ಆರಿ ಪೊರೆಗಟ್ಟುವ ಜಾತಿ, ತೆಂಗಿನೆಣ್ಣೆ ಎಂದಿಗೂ ಆರದ ಜಾತಿ, ಅದು ಜಿಡ್ಡಾಗಿ ಉಳಿದು ಒಲೆಯ ಮಸಿಯನ್ನೆಲ್ಲ ಬರಮಾಡಿಕೊಳ್ಳುತ್ತದೆ.

ಉಪನ್ಯಾಸದ ಜೊತೆಗೆ ಪ್ರಯೋಗವೂ ಉಂಟು. ಪಂಡಿತರ ಜಗಲಿಯಲ್ಲಿ ಅಂಗೈಯಗಲದ ಹಲಗೆ ತುಂಡುಗಳು ಬಣ್ಣ ಬಳಿಸಿಕೊಂಡು, ಬೆನ್ನಿಗೆ ತಾರೀಖು ಬರೆಸಿಕೊಂಡು ಸಾಲಾಗಿ ತೂಗುತ್ತಿರುತ್ತವೆ. ಅವುಗಳ ಮೇಲೆ ಮುರುಗಲು ನೀರು, ಅರಿಸಿನ, ಬಂಗಡೆ ಹುರಿದ ಎಣ್ಣೆ ಇವುಗಳನ್ನು ಸರದಿಯಂತೆ ಚೆಲ್ಲಿ, ಬ್ಲೇಡಿನಿಂದ ಚೌಕುಳಿ ಗೆರೆ ಕೊಯ್ದು, ಅಂಟುಪಟ್ಟಿ ಹಚ್ಚಿ ಒಮ್ಮೆಲೇ ಎಳೆದು, ಎಷ್ಟು ಚೌಕ ಕಿತ್ತುಬಂದವೆಂದು ಎಣಿಸಲಾಗುತ್ತದೆ. ಮನೆಯ ಮಟ್ಟಿಗೆ ಇಷ್ಟು ಶಿಸ್ತಿನ ಪರೀಕ್ಷೆ ಶ್ಲಾಘನೀಯವೇ, ಕಪಾಟಿಗೆ ಮಾತ್ರ ಅದರಿಂದ ಈವರೆಗೆ ಪ್ರಯೋಜನವಾಗಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಊರೆಲ್ಲ ದಂಡೆಯಲ್ಲಿ ನೆರೆದಾಗಲೂ, ಒಳಗಿನ ಕಬ್ಬಿಣಕ್ಕೆ ತೇವ ತಾಗಿದರೆ ಹೊರಗಿನ ಲೇಪದಿಂದ ಏನೂ ಆಗದೆಂಬ ಮಾತನ್ನು ನೆರೆದವರಿಗೆ ಮೊದಲು ಹೇಳಿದವರು ಈ ವರ್ಗದವರೇ ಇದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಕಪಾಟಿನ ಕೆಲಸ ಮುಂದೆ ಬೀಳುತ್ತ ಹೋಗುವುದಕ್ಕೆ ಪಂಚಾಂಗವೂ ಹೊಣೆ. ಮನೆಗೆ ಬಣ್ಣ ಬಳಿಯಬೇಕೆಂಬ ಒತ್ತಾಯ ಏಳುವುದು ಚವತಿಗೆ ಮೊದಲು, ಅಂದರೆ ಗೋಡೆಯೇ ಬೆವರುವ ಶ್ರಾವಣದಲ್ಲಿ. ಬಣ್ಣಕ್ಕೆ ಬೇಕಾದ ಒಣಹವೆ ದೊರೆಯುವುದು ಡಿಸೆಂಬರ್ ಕಳೆದ ಮೇಲೆ. ಆಗ ಕೂರ್ಮಗಡದ ನರಸಿಂಹನ ಜಾತ್ರೆ, ಅದರ ಬೆನ್ನಿಗೆ ಮದುವೆಗಳು, ಅನಂತರ ಮುಂಬಯಿಯಿಂದ ಬರುವ ಮೊಮ್ಮಕ್ಕಳು, ಮೇ ತಿಂಗಳಲ್ಲಿ ಅಂಕೋಲೆಯ ಬಂಡಿಹಬ್ಬ, ಅಷ್ಟರಲ್ಲಿ ಮೋಡ. ಹೀಗೆ ಬಣ್ಣ ಬಳಿಯಬಹುದಾದ ದಿನಗಳಲ್ಲಿ ಪುರುಸೊತ್ತಿಲ್ಲ, ಪುರುಸೊತ್ತಿರುವ ದಿನಗಳಲ್ಲಿ ಬಣ್ಣ ಬಳಿಯಬಾರದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲದಲ್ಲಿ ಪಂಡಿತರು ಕೊಡೆ ಹಿಡಿದು ಬೈತಖೋಲದ ಬಂದರಿಗೆ ಹೋಗುವುದುಂಟು. ಹಿಂದೆ ಮರದ ದೋಣಿಗೆ ಮೀನೆಣ್ಣೆಯನ್ನೋ ಗೇರುಸಿಪ್ಪೆಯ ಎಣ್ಣೆಯನ್ನೋ ಬಳಿದು ಕಡಲಿಗಿಳಿಸುತ್ತಿದ್ದವರ ಮಕ್ಕಳು ಈಗ ದಂಡೆಗೆಳೆದ ಬೋಟಿಗೆ ತಾಡಪತ್ರಿ ಕಟ್ಟಿ ಬಣ್ಣ ಹಚ್ಚುತ್ತಿರುತ್ತಾರೆ. ಸದಾ ಉಪ್ಪುನೀರಿನಲ್ಲಿರುವ ಮರಕ್ಕೆ ಬಾಳಿಕೆ ಬರುವ ಬಣ್ಣ ಯಾವುದೆಂದು ಕೇಳಿದರೆ, ಯಾವುದೂ ಬಾಳುವುದಿಲ್ಲ, ವರ್ಷ ವರ್ಷ ಹಚ್ಚುತ್ತೇವೆ ಎಂಬ ಉತ್ತರ ಬರುತ್ತದೆ. ಪಂಡಿತರು ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಕೊನೆಗೊಂದು ಫೆಬ್ರವರಿಯಲ್ಲಿ, ಯಜಮಾನ್ತಿಯೇ ಪೇಂಟರನನ್ನು ಗೊತ್ತುಮಾಡಿ, ಪಂಡಿತರು ಏಳುವ ಮುನ್ನ ಪಾತ್ರೆಗಳನ್ನೆಲ್ಲ ಹೊರಗಿಡುವುದರೊಂದಿಗೆ ಕಾಮಗಾರಿ ಶುರುವಾಗುತ್ತದೆ. ಒಮ್ಮೆ ಶುರುವಾದ ಮೇಲೆ ಪಂಡಿತರು ನಿಜಕ್ಕೂ ಉಪಯುಕ್ತರು. ಬಾಗಿಲುಗಳನ್ನು ಕಳಚಿ ನಂಬರ್ ಹಾಕಿಸುತ್ತಾರೆ. ವರ್ಷಗಳ ಹೊಗೆಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿ, ಒಣಗಲು ಬಿಡಿಸುತ್ತಾರೆ, ಏಕೆಂದರೆ ಜಿಡ್ಡಿನ ಮೇಲೆಯೇ ಉಪ್ಪುಕಾಗದ ಉಜ್ಜಿದರೆ ಜಿಡ್ಡು ಮರದೊಳಕ್ಕೆ ಇಳಿಯುತ್ತದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಳೆಯ ಪದರಗಳ ಧೂಳು ಮಕ್ಕಳ ಮೂಗಿಗೆ ಹೋಗಬಾರದೆಂದು ನೀರು ತೇವಿಸಿಯೇ ಉಜ್ಜಿಸುತ್ತಾರೆ. ಮೊದಲು 120, ಅನಂತರ 220ರ ಕಾಗದ; ತೂತುಗಳಿಗೆ ಪುಟ್ಟಿ, ಅಡ್ಡತುದಿಗಳಿಗೆ ಎರಡು ಬಾರಿ ಪ್ರೈಮರ್, ಅದು ಆರಿದ ಮೇಲೆ 320ರಲ್ಲಿ ಮತ್ತೊಮ್ಮೆ ಹಗುರವಾಗಿ ಉಜ್ಜುವುದು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಮೇಲೆಂಬುದರಲ್ಲಿ ಅವರು ರಾಜಿಯಾಗುವುದಿಲ್ಲ. ದಪ್ಪಗೆ ಬಳಿದದ್ದು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ತುಕ್ಕು ಹಿಡಿದ ಬಿಜಾಗರಿಗಳ ಜಾಗಕ್ಕೆ ಹಿತ್ತಾಳೆಯವು ಬರುತ್ತವೆ. ಪಿಯು ಸಿಂಪಡಿಸುವ ಯಂತ್ರ ಊರಲ್ಲಿ ಸಿಗದ ಕಾರಣ ನೀರಿನ ಎನಾಮೆಲ್ಲೇ ಸಾಕೆಂದು ಪಂಡಿತರು ಒಪ್ಪುತ್ತಾರೆ, ಪೂರ್ತಿ ಗಟ್ಟಿಯಾಗಲು ಬೇಕಾದ ಮೂರು ನಾಲ್ಕು ವಾರ ಯಾರೂ ಬಾಗಿಲನ್ನು ಬಲವಾಗಿ ಮುಚ್ಚಕೂಡದೆಂಬ ಷರತ್ತಿನ ಮೇಲೆ.

ಇಷ್ಟೆಲ್ಲ ಆಗಿ, ಅಂಗಡಿಗೆ ಹೊರಟುನಿಂತ ಪೇಂಟರ ಅಂಗಳದಿಂದ ತಿರುಗಿ, "ಮಾಸ್ತರ್ರೇ, ಬಣ್ಣ ಯಾವ್ದು ತರೂದು?" ಎನ್ನುತ್ತಾನೆ. ಪಂಡಿತರು ಟಿಪ್ಪಣಿ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಮಗುಚುತ್ತಾರೆ. ಅದರಲ್ಲಿ ಪದರದ ದಪ್ಪವಿದೆ, ಆರುವ ಅವಧಿಯಿದೆ, ತಿನ್ನರಿನ ಪ್ರಮಾಣವಿದೆ. ನೀಲಿಯೋ ಹಸಿರೋ ಎಂಬುದು ಎಲ್ಲಿಯೂ ಇಲ್ಲ. ಬಣ್ಣಗಳ ಪಟ್ಟಿಯೊಂದನ್ನು ತಂದರೆ ನೋಡಿ ಹೇಳಬಹುದೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಮಾತು ಬರುತ್ತದೆ: "ಅವ್ರನ್ನ ಕೇಳ್ತಾ ಕೂತ್ರೆ ಮತ್ತೊಂದು ಚವತಿ ಬತ್ತದೆ, ತಮ್ಮಾ. ಮೊದ್ಲಿದ್ದ ಬಣ್ಣನೇ ತಕಂಡು ಬಾ."