ಸುಮ್ಮನಿರಲು ಸಮುದ್ರ ದಾಟಿ

ನಮ್ಮ ವಂಶದಲ್ಲಿ ವಿಶ್ರಾಂತಿಗೆಂದು ಊರು ಬಿಟ್ಟವರು ಯಾರೂ ಇಲ್ಲ. ಮದುವೆ, ಮುಂಜಿ, ಗೃಹಪ್ರವೇಶ, ಹರಕೆ, ಕೋರ್ಟು ಕೇಸು, ಯಾರದೋ ವೈಕುಂಠ ಸಮಾರಾಧನೆ, ಹೀಗೆ ಪ್ರಯಾಣಕ್ಕೆ ಒಂದು ಕಾರಣ ಇರಲೇಬೇಕು. ನಮ್ಮ ತಂದೆ ಕೋಲಾರದಿಂದ ತಿರುಪತಿಗೆ ಹೋಗಿಬಂದು ಜಗಲಿಯ ಮೇಲೆ ಕುಸಿದು "ಅಬ್ಬಾ, ಸುಸ್ತಾಯ್ತು" ಅಂದರೆ ಯಾತ್ರೆ ಸಾರ್ಥಕವಾಯಿತೆಂದು ಅರ್ಥ. ಸುಸ್ತಾಗದೆ ಬಂದವರ ಭಕ್ತಿಯ ಮೇಲೆ ಮನೆಯವರಿಗೆಲ್ಲ ಅನುಮಾನ. ನಾನು ಬ್ಯಾಂಕಿನಲ್ಲಿದ್ದಾಗ ಎಲ್‌ಟಿಸಿ ಹಾಕಿಕೊಂಡು ದೇಶ ಸುತ್ತಿದ್ದೇನೆ ನಿಜ. ಆದರೆ ಅಲ್ಲೂ ನಸುಕಿಗೆ ಬಸ್ಸು ಹತ್ತಿದರೆ ನಡುರಾತ್ರಿಗೆ ಲಾಡ್ಜು. ನಡುವೆ ಏನು ನೋಡಿದೆವು ಎಂಬುದು ಫೋಟೊ ತೊಳೆಸಿ ತಂದ ಮೇಲೆಯೇ ಗೊತ್ತಾಗುತ್ತಿತ್ತು.

ಇಂಥ ಮನೆತನದಲ್ಲಿ ಹುಟ್ಟಿದ ನನ್ನ ಮಗ ನ್ಯೂಜೆರ್ಸಿಯಲ್ಲಿ ಕೂತು ಒಂದು ದಿನ ಹೇಳಿದ: "ಅಪ್ಪ, ಈ ಸಲ ನಯಾಗರ ಬೇಡ. ಒಂದು ವಾರ ಯಾವುದಾದರೂ ಕೆರಿಬಿಯನ್ ದ್ವೀಪಕ್ಕೆ ಹೋಗೋಣ."

"ಅಲ್ಲೇನಿದೆಯೋ ನೋಡೋದಕ್ಕೆ?"

"ಏನೂ ಇಲ್ಲ. ಅದಕ್ಕೇ ಹೋಗೋದು."

ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ತಪಾಸಣೆ ಮಾಡಿದ ನನಗೆ ಇಷ್ಟು ದುರ್ಬಲವಾದ ಕಾರಣ ಯಾವ ಅರ್ಜಿಯಲ್ಲೂ ಸಿಕ್ಕಿರಲಿಲ್ಲ. ಆದರೂ ದುಡ್ಡು ಅವನದು. ಮಂಜೂರು ಮಾಡಿದೆ.

ಯಾವ ದ್ವೀಪ ಎಂಬ ಚರ್ಚೆ ಶುರುವಾಯಿತು. ಮಗನಿಗೆ ನೇರ ವಿಮಾನ ಬೇಕು, ಸೊಸೆಗೆ ಅಲೆಯಿಲ್ಲದ ಕಡಲು ಬೇಕು. ನನ್ನಾಕೆಗೆ ಕಡಲು ಹೇಗಾದರೂ ಇರಲಿ, ಅನ್ನ ಸಾರಿನ ಆಸುಪಾಸಿನದೇನಾದರೂ ಸಿಗಬೇಕು. ನನಗೆ ಕ್ರಿಕೆಟ್ಟು ಆಡುವ ದ್ವೀಪವೇ ಆಗಬೇಕು. ಇಷ್ಟನ್ನೂ ಕೂಡಿ ಕಳೆದಾಗ ಉಳಿದದ್ದು ಆಂಟಿಗುವಾ. ತಿಂಗಳು ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ಯಾಕೆಂದರೆ ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಕೋಣೆ ಬಾಡಿಗೆ ಕಡಿಮೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಪಕ್ಕದ ಬಾರ್ಬುಡಾ ದ್ವೀಪವನ್ನು ನುಣ್ಣಗೆ ಬಳಿದುಹಾಕಿ, ಅಲ್ಲಿಯವರನ್ನೆಲ್ಲ ಆಂಟಿಗುವಾಕ್ಕೆ ಸಾಗಿಸಬೇಕಾಯಿತಂತೆ. ಇದನ್ನು ಓದಿದ ನನ್ನಾಕೆ, "ರೀ, ಸಾಯೋದಕ್ಕೂ ಡಿಸ್ಕೌಂಟ್ ನೋಡ್ಬೇಕಾ?" ಅಂದಳು. "ಅತ್ತೆ, ಜೋರೆಲ್ಲ ಸೆಪ್ಟೆಂಬರಿಗೇ ಮುಗಿಯುತ್ತೆ" ಎಂದು ಸೊಸೆ ಸಮಾಧಾನ ಹೇಳಿದಳು.

ನಮ್ಮ ಬ್ಯಾಂಕಿನ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದೆ. ಅಭಿನಂದನೆಗೆ ಬದಲು ಒಂದು ಪ್ರಶ್ನೆ ಬಂತು: "ಎಷ್ಟು ಕೋಟಿ ಸಾರ್?" ಬ್ಯಾಂಕಿನವರಿಗೆ ಆಂಟಿಗುವಾ ಗೊತ್ತಿರುವುದೇ ಹಾಗೆ. ಬಂಡವಾಳ ಹೂಡಿದವರಿಗೆ ಪೌರತ್ವ ಕೊಡುವ ದೇಶ ಅದು. ಸಾವಿರಾರು ಕೋಟಿ ವಂಚನೆಯ ಆರೋಪ ಹೊತ್ತ ನಮ್ಮ ವಜ್ರದ ವ್ಯಾಪಾರಿಯೊಬ್ಬರು 2018ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ್ದರು. ನನ್ನ ಪಿಂಚಣಿಗೆ ಅಲ್ಲಿ ಪೌರತ್ವವಿರಲಿ, ವಾರ ಕಳೆದ ಮೇಲೆ ಇನ್ನೊಂದು ರಾತ್ರಿಯೂ ಗಿಟ್ಟುವುದಿಲ್ಲ ಎಂದು ಗುಂಪಿಗೆ ಲಿಖಿತ ವಿವರಣೆ ಕೊಟ್ಟೆ.

ಸೊಸೆ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದಳು. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ವಿಶ್ರಾಂತಿ: ಕಡಲ ತೀರ. ಹತ್ತೂವರೆಯಿಂದ ಹನ್ನೆರಡು, ವಿಶ್ರಾಂತಿ: ಈಜುಕೊಳ. ಊಟದ ನಂತರ ವಿಶ್ರಾಂತಿ: ಕೋಣೆ. ನೋಡುತ್ತಲೇ ನನಗೆ ಆಯಾಸವಾಯಿತು. ಅತ್ತ ನನ್ನಾಕೆಯ ಪಟ್ಟಿಯೂ ಬೆಳೆಯುತ್ತಿತ್ತು: ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ, ಕೆಟಲ್ಲು, ಕೊಡೆ, ಅಮೃತಾಂಜನ. ನಾನು ಮಾತ್ರ ಯಾರಿಗೂ ಹೇಳದೆ ಒಂದು ಹಳದಿ ಕೆಂಪು ಶಾಲನ್ನು ಮಡಿಸಿ ಪೆಟ್ಟಿಗೆಯ ಅಡಿಗೆ ಸೇರಿಸಿದೆ. ನವೆಂಬರ್ 1 ಎಲ್ಲಿದ್ದರೂ ನವೆಂಬರ್ 1.

ನ್ಯೂಯಾರ್ಕಿನಿಂದ ನಾಲ್ಕು ಗಂಟೆ ಚಿಲ್ಲರೆಯ ಹಾರಾಟ. ಇಳಿದರೆ 281 ಚದರ ಕಿಲೋಮೀಟರಿನ ದ್ವೀಪ, ಅಂದರೆ ಬೆಂಗಳೂರು ನಗರದ ಅರ್ಧಕ್ಕೂ ಕಡಿಮೆ. ಬಾರ್ಬುಡಾವನ್ನು ಸೇರಿಸಿಕೊಂಡರೂ ದೇಶದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಇಷ್ಟು ಜನಕ್ಕೆ ಒಬ್ಬ ಪ್ರಧಾನಿ, ಒಂದು ಸಂಸತ್ತು, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ. ನಮ್ಮ ಬಡಾವಣೆಗೆ ಒಬ್ಬ ಕಾರ್ಪೊರೇಟರ್ ಇಲ್ಲದೆ ವರ್ಷಗಳೇ ಆದವು.

ರೆಸಾರ್ಟಿನಲ್ಲಿ ಊಟ, ತಿಂಡಿ, ಪಾನೀಯ ಎಲ್ಲವೂ ಬಾಡಿಗೆಯಲ್ಲೇ ಸೇರಿತ್ತು, ಎಷ್ಟು ಬೇಕಾದರೂ ತಿನ್ನಬಹುದು, ಕುಡಿಯಬಹುದು. ಮಧ್ಯಮವರ್ಗದವನ ವಿಶ್ರಾಂತಿಯನ್ನು ಹಾಳುಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ನಾವು ಮಾಂಸ ಮುಟ್ಟುವವರಲ್ಲ, ರಮ್ಮು ಮೂಸುವವರಲ್ಲ. ಹಾಗಾದರೆ ಮಗ ಕೊಟ್ಟ ದುಡ್ಡು ವಸೂಲಾಗುವುದು ಹೇಗೆ? ಎಳನೀರು, ಅನಾನಸಿನ ರಸ, ಕರಬೂಜದ ಹೋಳು ಎಂದು ತಾಸಿಗೊಮ್ಮೆ ವಸೂಲಾತಿಗೆ ಇಳಿದೆ. ಅಲ್ಲಿಯ ಅನಾನಸು ಕಪ್ಪು ಅನಾನಸು ಎಂದೇ ಹೆಸರುವಾಸಿ. ಹೆಸರಿಗೆ ಕಪ್ಪು, ಒಳಗೆ ಹೊಂಬಣ್ಣ, ರುಚಿ ಮಾತ್ರ ಸಕ್ಕರೆ. ಹೊರಗಿನ ಅಂಗಡಿಯಲ್ಲಿ ಇನ್ನೊಂದು ಸಂಕಟ. ಬೆಲೆ ಪೂರ್ವ ಕೆರಿಬಿಯನ್ ಡಾಲರಿನಲ್ಲಿ. ಒಂದು ಅಮೆರಿಕನ್ ಡಾಲರಿಗೆ ಅದು 2.70. ಈ ದರ 1976ರಿಂದ ಕದಲಿಲ್ಲ. ಅದನ್ನು ಮೊದಲು ಅಮೆರಿಕನ್ ಡಾಲರಿಗೆ ಇಳಿಸಿ, ಆಮೇಲೆ ರೂಪಾಯಿಗೆ ಏರಿಸಿ, ಏರಿದ್ದು ಕಂಡು ಎದೆ ಹಿಡಿದುಕೊಂಡು, ವಸ್ತುವನ್ನು ಇದ್ದಲ್ಲೇ ಇಟ್ಟು ಬರುವಷ್ಟರಲ್ಲಿ ಅರ್ಧ ದಿನ.

ಆಂಟಿಗುವಾದವರು ತಮ್ಮಲ್ಲಿ 365 ಕಡಲತೀರಗಳಿವೆ, ವರ್ಷದ ದಿನಕ್ಕೊಂದು ಎನ್ನುತ್ತಾರೆ. ಅಧಿಕ ವರ್ಷದ ಫೆಬ್ರವರಿ 29ಕ್ಕೆ ಏನು ಮಾಡುತ್ತೀರಿ ಎಂದು ನಮ್ಮ ಟ್ಯಾಕ್ಸಿಯ ಚಾಲಕನನ್ನು ಕೇಳಿದೆ. "ಅವತ್ತು ಮನೆಯಲ್ಲಿರ್ತೀವಿ" ಅಂದ. ಅಲ್ಲಿಂದ ನಮಗಿಬ್ಬರಿಗೂ ಸ್ನೇಹ.

ಆರಾಮಕುರ್ಚಿಯ ವಿಷಯಕ್ಕೆ ಬರುತ್ತೇನೆ. ಸೊಸೆಯ ಪಟ್ಟಿಯಂತೆ ನಾನು ಅದರಲ್ಲಿ ಒರಗಿದೆ. ಮುಂದೆ ನೀಲಿ ಸಮುದ್ರ, ಮೇಲೆ ನೀಲಿ ಆಕಾಶ. ಹತ್ತು ನಿಮಿಷ ನೋಡಿದೆ. ಎರಡೂ ಹಾಗೇ ಇದ್ದವು. ಪಕ್ಕದ ಕುರ್ಚಿಗಳಲ್ಲಿ ಯುರೋಪಿನವರು, ಅಮೆರಿಕದವರು ಬಟ್ಟೆಯನ್ನೂ ಚಿಂತೆಯನ್ನೂ ಆದಷ್ಟು ಕಡಿಮೆ ಮಾಡಿಕೊಂಡು ಸುಖವಾಗಿ ಬೇಯುತ್ತಿದ್ದರು. ನನಗೋ ಗ್ಯಾಸ್ ಸಿಲಿಂಡರು, ಜೀವನ ಪ್ರಮಾಣಪತ್ರ, ಬೆಂಗಳೂರಿನ ಮನೆಯ ಮೇಲಿನ ನೀರಿನ ಟ್ಯಾಂಕು ಒಂದೊಂದಾಗಿ ನೆನಪಾದವು. ಪಕ್ಕದ ಮನೆಯವರಿಗೆ ಫೋನು ಮಾಡೋಣವೆಂದರೆ ನಮ್ಮೂರು ಒಂಬತ್ತೂವರೆ ಗಂಟೆ ಮುಂದಿದೆ. ನಮಗೆ ಮಧ್ಯಾಹ್ನವೆಂದರೆ ಅವರಿಗೆ ನಿದ್ದೆ. ನನ್ನಾಕೆ ಕುರ್ಚಿಯಲ್ಲಿರಲಿಲ್ಲ. ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಳು.

ಅಲ್ಲಿ ಒಬ್ಬ ಹಿರಿಯ ಹೆಂಗಸು ಕುದಿಯುವ ನೀರಿಗೆ ಹೆಚ್ಚಿದ ಬೆಂಡೆಕಾಯಿ ಹಾಕಿ, ಮೆಕ್ಕೆಜೋಳದ ಹಿಟ್ಟು ಸುರಿದು, ಮರದ ಕೋಲಿನಿಂದ ಗಂಟಾಗದಂತೆ ತಿರುವುತ್ತಿದ್ದರು. ಬೆಣ್ಣೆ ಸವರಿದ ಬಟ್ಟಲಲ್ಲಿ ಉರುಳಿಸಿದರು, ಗುಂಡಗೆ ಉಂಡೆಯಾಯಿತು. ಅದರ ಹೆಸರು ಫೂಂಜಿ. ಮಾಂಸ, ಸೊಪ್ಪು, ತರಕಾರಿ ಹಾಕಿ ಬೇಯಿಸಿದ ಪೆಪ್ಪರ್‌ಪಾಟ್ ಜೊತೆಗಿದ್ದರೆ ಅದೇ ಆಂಟಿಗುವಾದ ರಾಷ್ಟ್ರೀಯ ಊಟ. "ರೀ, ಮುದ್ದೆ!" ಎಂದು ನನ್ನಾಕೆ ಕೂಗಿದಳು. ರಾಗಿಯ ಬದಲು ಜೋಳ, ಅಷ್ಟೇ. ಅಗಿಯದೆ ನುಂಗುವ ನಮ್ಮ ಕೋಲಾರದ ಕ್ರಮವನ್ನು ಆಕೆ ಮಾಡಿ ತೋರಿಸಿದಾಗ ಅಡುಗೆಮನೆಯವರೆಲ್ಲ ಕೆಲಸ ಬಿಟ್ಟು ನೋಡಿದರು. ಅವರು ಪ್ರತಿಯಾಗಿ ಡುಕಾನಾ ಕೊಟ್ಟರು. ಸಿಹಿಗೆಣಸು, ಕಾಯಿತುರಿ, ಸಕ್ಕರೆ ಕಲಸಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ್ದು. ಚಟ್ನಿಪುಡಿಯ ಡಬ್ಬಿ ಆ ಕಡೆ ಹೋಯಿತು, ಮತ್ತೆ ಹಿಂದಿರುಗಲಿಲ್ಲ. ಅವತ್ತಿನಿಂದ ನನ್ನಾಕೆಯ ಮುಖದಲ್ಲಿ ವಿಶ್ರಾಂತಿಯ ಕಳೆ ಬಂತು.

ನನ್ನ ವಿಶ್ರಾಂತಿ ಸಿಕ್ಕಿದ್ದು ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ. ಆಂಟಿಗುವಾ ರಿಕ್ರಿಯೇಷನ್ ಗ್ರೌಂಡಿಗೆ ಕರೆದುಕೊಂಡು ಹೋಗಪ್ಪ ಎಂದು ಚಾಲಕನಿಗೆ ಹೇಳಿದಾಗ ಸೊಸೆ ಪಟ್ಟಿ ತೆಗೆದು ನೋಡಿದಳು. ಅದರಲ್ಲಿ ಇರಲಿಲ್ಲ. ಸೆರೆಮನೆಯ ಪಕ್ಕದ ಮೈದಾನ ಅದು. ಹಿಂದೆ ಕೈದಿಗಳೇ ಪಿಚ್ಚು ಹದಮಾಡುತ್ತಿದ್ದರಂತೆ. ಇದೇ ಊರಿನ ವಿವಿಯನ್ ರಿಚರ್ಡ್ಸ್ 1986ರಲ್ಲಿ 56 ಎಸೆತಕ್ಕೆ ನೂರು ಹೊಡೆದದ್ದು ಇಲ್ಲೇ. ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400 ಬಾರಿಸಿದ್ದೂ ಇಲ್ಲೇ. ಆದರೆ ನಾನು ಹೋದದ್ದು ಅವರಿಗಾಗಿ ಅಲ್ಲ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ದವಡೆ ಮುರಿದುಕೊಂಡು, ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು, 14 ಓವರ್ ಬೌಲ್ ಮಾಡಿ ಲಾರಾನನ್ನು ಎಲ್‌ಬಿ ಬಲೆಗೆ ಕೆಡವಿದ್ದು ಈ ಮೈದಾನದಲ್ಲಿ. ಅದೇ ಇನ್ನಿಂಗ್ಸಿನಲ್ಲಿ ವಿಕೆಟ್ ಕೀಪರನ್ನೂ ಬಿಡದೆ ಭಾರತದ ಹನ್ನೊಂದು ಮಂದಿಯೂ ಬೌಲ್ ಮಾಡಿದರು. ರಾಹುಲ್ ದ್ರಾವಿಡ್‌ಗೆ ಟೆಸ್ಟ್ ಜೀವನದ ಒಂದೇ ಒಂದು ವಿಕೆಟ್ ಸಿಕ್ಕಿದ್ದೂ ಆಗಲೇ. ಔಟಾದ ರಿಡ್ಲಿ ಜೇಕಬ್ಸ್ ಇದೇ ದ್ವೀಪದವರು.

"ಆ ಬ್ಯಾಂಡೇಜಿನವರು ನಮ್ಮೂರಿನವರು" ಅಂದೆ. ಚಾಲಕ ಕಾರಿನ ಎಂಜಿನ್ ಆರಿಸಿ, ಕೆಳಗಿಳಿದು ಬಂದು ನನ್ನ ಕೈ ಕುಲುಕಿದ. ಕುಂಬ್ಳೆಯನ್ನು ನಾನೇ ಎತ್ತಿ ಆಡಿಸಿ ಬೆಳೆಸಿದವನ ಹಾಗೆ ಕುಲುಕಿಸಿಕೊಂಡೆ. ಆಮೇಲೆ ಬೇಲಿಯಾಚೆ ಅಡ್ಡಾಡುತ್ತಿದ್ದ ನಾಲ್ಕು ಮಂದಿ ಸೇರಿದರು. ಯಾರ ಕಾಲದ ಬೌಲರುಗಳು ಜೋರು ಎಂಬ ವಾದ ಶುರುವಾಯಿತು. ಎಕ್ಸೆಲ್ ಪಟ್ಟಿಯ ಆವತ್ತಿನ ವಿಶ್ರಾಂತಿಗಳೆಲ್ಲ ಅದರಲ್ಲೇ ಕೊಚ್ಚಿಹೋದವು.

ನವೆಂಬರ್ 1ರ ಬೆಳಿಗ್ಗೆ ಸ್ನಾನ ಮಾಡಿ, ಶಾಲು ಹೊದ್ದು ಹೊರಗೆ ಬಂದೆ. ಕಂಡವರೆಲ್ಲ ಕೈಯೆತ್ತಿ ಶುಭಾಶಯ ಹೇಳತೊಡಗಿದರು! ಕನ್ನಡ ಇಷ್ಟು ದೂರ ಹಬ್ಬಿದೆಯೇ ಎಂದು ಕಣ್ಣು ತುಂಬಿ ಬರುವುದರೊಳಗೆ ಚಾಲಕ ವಿಷಯ ಬಿಡಿಸಿದ. ಆಂಟಿಗುವಾ ಮತ್ತು ಬಾರ್ಬುಡಾ ಸ್ವತಂತ್ರವಾದದ್ದು 1981ರ ನವೆಂಬರ್ 1ರಂದು. ಅವರ ಧ್ವಜದಲ್ಲಿ ಕೆಂಪೂ ಇದೆ, ಹಳದಿ ಸೂರ್ಯನೂ ಇದ್ದಾನೆ. ನಾನು ಅವರ ಹಬ್ಬಕ್ಕೇ ಹೊದ್ದು ಬಂದೆನೆಂದು ಎಲ್ಲರಿಗೂ ಸಂತೋಷ. ನಮ್ಮದು 1956, ನಿಮಗಿಂತ ಇಪ್ಪತ್ತೈದು ವರ್ಷ ಹಿರಿಯರು ಎಂದು ವಿವರಿಸಿದೆ. ಅವನು ಗೌರವದಿಂದ ತಲೆಬಾಗಿದ. ಬೀದಿಯ ಹೆಂಗಸರು ಉಟ್ಟಿದ್ದ ರಾಷ್ಟ್ರೀಯ ಉಡುಪಿನ ಚೌಕುಳಿ ಬಟ್ಟೆಯ ಹೆಸರು ಮದ್ರಾಸ್. ನೂರಾರು ವರ್ಷದ ಹಿಂದೆ ನಮ್ಮ ನೆರೆಯೂರಿನಿಂದ ಹಡಗು ಹತ್ತಿದ ಬಟ್ಟೆ ಇಲ್ಲಿ ರಾಷ್ಟ್ರದ ಮಾನ ಕಾಯುತ್ತಿದೆ. ನನ್ನಾಕೆ ಸೆರಗು ಮುಟ್ಟಿ ನೋಡಿ, ಮೀಟರಿಗೆಷ್ಟು ಎಂದು ಕೇಳಿಯೂ ಬಿಟ್ಟಳು.

ಪಟ್ಟಿಗೆ ಮರ್ಯಾದೆ ಕೊಟ್ಟು ನೆಲ್ಸನ್ ಡಾಕ್‌ಯಾರ್ಡಿಗೂ ಹೋದೆವು. ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ. ಬ್ರಿಟಿಷ್ ನೌಕಾಪಡೆಯ ನೆಲ್ಸನ್ 1784ರಲ್ಲಿ ಬಂದು ಮೂರು ವರ್ಷ ಇಲ್ಲಿದ್ದ, ಇದ್ದಷ್ಟು ದಿನವೂ ಈ ಊರನ್ನು ಬೈದುಕೊಂಡೇ ಇದ್ದ. ಅದನ್ನು ಕಟ್ಟಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಹೆಸರು ಮಾತ್ರ ಬೈದವನದು. ದ್ವೀಪದ ತುಂಬ ಕಬ್ಬು ಬೆಳೆದವರೂ ಆ ಗುಲಾಮರೇ. 1834ರಲ್ಲಿ ಅವರಿಗೆ ಬಿಡುಗಡೆಯಾಯಿತು. ಕಬ್ಬು ಹೋಯಿತು, ಪ್ರವಾಸಿಗರು ಬಂದರು. ನಾವು ಏಳುವ ಮುಂಚೆ ಮರಳು ಗುಡಿಸಿ, ಕುರ್ಚಿ ಜೋಡಿಸಿ, ಹಣ್ಣು ಹೆಚ್ಚಿಟ್ಟವರು ಅವರ ಮರಿಮಕ್ಕಳು.

ಈ ದ್ವೀಪದಲ್ಲೇ ಹುಟ್ಟಿದ ಲೇಖಕಿ ಜಮೈಕಾ ಕಿಂಕೇಡ್ 1988ರಲ್ಲಿ 'ಎ ಸ್ಮಾಲ್ ಪ್ಲೇಸ್' ಎಂಬ ಪುಟ್ಟ ಪುಸ್ತಕದಲ್ಲಿ ನಮ್ಮಂಥ ಪ್ರವಾಸಿಗರ ಚರ್ಮ ಸುಲಿದಿದ್ದಾರೆ. ಆಕೆಯ ಒಂದು ಮಾತು ಕೋಲಾರದವನಿಗೆ ಬೇಗ ನಾಟುತ್ತದೆ. ಪ್ರವಾಸಿಗೆ ಸದಾ ಬಿಸಿಲೇ ಬೇಕು, ಆದರೆ ಬಿಸಿಲೆಂದರೆ ಊರಿನವನಿಗೆ ಬರ. ದ್ವೀಪದಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯಬೇಕು. ಒಂದು ಸಂಜೆ ಮೋಡ ಕವಿದಾಗ ರೆಸಾರ್ಟಿನ ಅತಿಥಿಗಳು ಮುಖ ಸಿಂಡರಿಸಿದರು. ಚಾಲಕನೂ ನಾನೂ ಆಕಾಶ ನೋಡಿ, "ಬರಲಿ, ಚೆನ್ನಾಗಿ ಬರಲಿ" ಅಂದೆವು. ಬಂತು ಕೂಡ.

ಭಾನುವಾರ ಸಂಜೆ ಶರ್ಲಿ ಹೈಟ್ಸ್ ಗುಡ್ಡದ ಮೇಲೆ ಸ್ಟೀಲ್‌ಬ್ಯಾಂಡ್ ಸಂಗೀತ. ಎಣ್ಣೆಯ ಡ್ರಮ್ಮು ಬಡಿದು ಇಷ್ಟು ಇಂಪಾದ ಸ್ವರ ಹೊರಡಿಸುವವರನ್ನು ಕಂಡು ಸೊಸೆಯೇ ಫೋನು ಕೆಳಗಿಟ್ಟು ಕುಣಿದಳು. ಅವಳೂ ಪಟ್ಟಿ ತೆರೆಯುವುದನ್ನು ಬಿಟ್ಟಿದ್ದಳು.

ಇಷ್ಟೆಲ್ಲ ಆದಮೇಲೆ ನಾನು ಬಂದಿರುವ ತೀರ್ಮಾನ ಇದು. ಸುಮ್ಮನಿರುವುದು ನಮ್ಮ ಜಾಯಮಾನದಲ್ಲೇ ಇಲ್ಲ. ನಮಗೆ ವಿಶ್ರಾಂತಿಯೆಂದರೆ ಜವಾಬ್ದಾರಿಯಿಲ್ಲದೆ ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವುದು. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಮೂಗು ತೂರಿಸಿದವನಿಗೆ ಆ ಊರಿನ ಮನುಷ್ಯರಾದರೂ ಕಾಣುತ್ತಾರೆ. ಆರಾಮಕುರ್ಚಿಗಳನ್ನೆಲ್ಲ ಸಮುದ್ರಕ್ಕೆ ಮುಖಮಾಡಿ, ಊರಿಗೆ ಬೆನ್ನುಮಾಡಿ ಹಾಕಿರುತ್ತಾರೆ. ನೀವು ಹೋದರೆ ಒಂದಿಷ್ಟು ಹೊತ್ತು ಅದನ್ನು ಹಿಂದಕ್ಕೆ ತಿರುಗಿಸಿಕೊಂಡು ಕೂತು ನೋಡಿ. ಹೋಗುವುದಾದರೆ ನವೆಂಬರ್ 1ಕ್ಕೇ ಹೋಗಿ. ಶಾಲು ಮರೆಯಬೇಡಿ, ಚಟ್ನಿಪುಡಿ ಎರಡು ಡಬ್ಬಿ ಇರಲಿ.