ಬಾಲ್ಕನಿ ತೋಟ

(ತಿಪಟೂರು. ಮಹಡಿ ಮೇಲಿನ ಬಾಡಿಗೆ ಮನೆ. ಕೊರಿಯರ್ ಹುಡುಗ ಡಬ್ಬ ಇಳಿಸುತ್ತಾನೆ.)

ಓನರ್: ಏನ್ ಸಾರ್, ಇಟ್ಟಿಗೆನಾ? ಗೋಡೆ ಎಬ್ಬಿಸೋ ಹಾಗಿಲ್ಲ, ಕರಾರಲ್ಲಿದೆ. (ಇವರಿಗೆ ಕರಾರು ನೆನಪಿರುತ್ತೆ, ರಿಪೇರಿ ಮರೆತಿರುತ್ತೆ.)

ಬಾಡಿಗೆದಾರ: ಕೋಕೋಪೀಟ್ ಸ್ವಾಮಿ! 5 ಕೆ.ಜಿ. ಬ್ಲಾಕು. ನೀರು ಕುಡಿಸಿದ್ರೆ ಉಬ್ಬುತ್ತೆ. ಮಣ್ಣಿಗಿಂತ ಹಗುರ, ನಿಮ್ಮ ಬಾಲ್ಕನಿಗೂ ಭಾರವಿಲ್ಲ.

ಅಜ್ಜಿ: (ಮೂಸಿ) ಕಾಯಿಮಟ್ಟೆ ಪುಡಿ ಅಲ್ವೇನೋ?

ಬಾಡಿಗೆದಾರ: ಮಟ್ಟೆ ಅಂದ್ರೆ ಮಟ್ಟ ಇಳೀತದೆ ಅಜ್ಜಿ. ಇದು ಪೊಳ್ಳಾಚಿಯಿಂದ ಬಂದದ್ದು. ತೊಳೆದು ಉಪ್ಪು ತೆಗೆದಿದ್ದಾರೆ.

ಅಜ್ಜಿ: ನಮ್ಮ ತುರುವೇಕೆರೆ ತೋಟದಲ್ಲಿ ಗುಡ್ಡೆ ಬಿದ್ದಿರೋದನ್ನ ಎರಡು ಮಳೆಗಾಲ ಪುಕ್ಕಟೆ ತೊಳೆದಿದೆಯಲ್ಲೋ.

ಬಾಡಿಗೆದಾರ: ತೋಟ ಗುತ್ತಿಗೆಗೆ ಕೊಟ್ಟಾಯ್ತು. ಅಲ್ಲಿಗೆ ಹೋಗೋಕೆ ಟೈಮೆಲ್ಲಿ? ಆನ್‌ಲೈನ್ ತೋಟಗಾರಿಕೆ ಕ್ಲಾಸಿದೆ.

ಓನರ್: ಏನು ಬೆಳೀತೀರಿ?

ಬಾಡಿಗೆದಾರ: ಬೋನ್ಸಾಯ್ ತೆಂಗು! ಕಾಯಿ ಬಿಡಲ್ಲ, ನೋಡೋಕೆ ಮಾತ್ರ.

ಅಜ್ಜಿ: ವಾಸಿ ಬಿಡು. ಕಾಯಿ ಬಿಟ್ರೆ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯಬೇಕು, ಕೊಬ್ಬರಿಯಾದ ಮೇಲೆ ರೇಟಿಗೆ ಕಾಯಬೇಕು.

ಓನರ್: ಕೆಳಗೆ ನೀರು ಸೋರಿದ್ರೆ ಅಡ್ವಾನ್ಸಲ್ಲಿ ಹಿಡೀತೀನಿ. ಗಿಡ ಬಾಡಿದ್ರೂ ಬಾಡಿಗೆ ಬಾಡಬಾರದು.

ಕೊರಿಯರ್: ಸಾರ್, ನಮ್ಮೂರು ಚಿಕ್ಕನಾಯಕನಹಳ್ಳಿ ಪಕ್ಕ. ಹಿತ್ತಲಲ್ಲಿ ಮಟ್ಟೆಪುಡಿ ರಾಶಿ ಇದೆ, ಸುಮ್ನೆ ತಂದುಕೊಡ್ಲಾ?

ಬಾಡಿಗೆದಾರ: ಸುಮ್ನೇನಾ? ಛೆ! ಅದಕ್ಕೆ ರೇಟಿಂಗ್ ಎಷ್ಟಪ್ಪ?

ಕೊರಿಯರ್: (ಖಾಲಿ ಡಬ್ಬ ಎತ್ತಿಕೊಂಡು) ಇದರಲ್ಲೇ ತುಂಬಿ ತರ್ತೀನಿ ಸಾರ್. ಬಂದಾಗ ಓಟಿಪಿ ಹೇಳಿ.