ಎದೆಯ ಎಕ್ಸ್‌ರೇಯೊಳಗಿನ ನಳಿಕೆ

ಮಗಳು ಪಿಎಚ್‌ಡಿ ಅಂತ ಸೇರಿಕೊಂಡು ದಿನವಿಡೀ ಎಕ್ಸ್‌ರೇ ನೋಡ್ತಾ ಕೂತಿರ್ತಾಳೆ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕಾ. ಅವಳ ಕೆಲಸದ ಜೀವ ಇರೋದೇ ಅಲ್ಲಿ. ಕಂಪ್ಯೂಟರಿಗೆ ರೋಗ ಗುರುತಿಸೋದನ್ನ ಕಲಿಸಬಹುದು. ಅದು ಚಿತ್ರದಲ್ಲಿ ಏನನ್ನ ನೋಡಿ ಹಾಗೆ ಹೇಳ್ತು ಅಂತ ಪತ್ತೆ ಹಚ್ಚೋದಿದೆಯಲ್ಲ, ಅದು ಕಷ್ಟ.

ಮೊನ್ನೆ ಅವಳು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. 2017ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ 1,12,120 ಎದೆಯ ಎಕ್ಸ್‌ರೇಗಳನ್ನ ಎಲ್ಲರಿಗೂ ಬಿಟ್ಟುಕೊಡ್ತು. ಅದರಲ್ಲಿ ನ್ಯೂಮೋಥೊರಾಕ್ಸ್ ಅಂತ ಒಂದು ಕಾಯಿಲೆ. ಶ್ವಾಸಕೋಶದ ಹೊರಗೆ ಗಾಳಿ ಸೇರ್ಕೊಂಡು ಅದು ಕುಗ್ಗಿಹೋಗತ್ತೆ. ಆ ಗಾಳಿ ತೆಗೆಯೋಕೆ ಡಾಕ್ಟರು ಎದೆಗೆ ನಳಿಕೆ ಇಳಿಸ್ತಾರೆ. ಆಸ್ಟ್ರೇಲಿಯಾದ ರೇಡಿಯಾಲಜಿಸ್ಟ್ ಲ್ಯೂಕ್ ಓಕ್ಡನ್-ರೇನರ್ ಚಿತ್ರಗಳನ್ನ ಕಣ್ಣಾರೆ ನೋಡ್ತಾ ಹೋದರೆ, ಆ ಕಾಯಿಲೆಯ ಚಿತ್ರಗಳಲ್ಲಿ ಬಹುಪಾಲು ನಳಿಕೆ ಹಾಕಿದ ಮೇಲೆ ತೆಗೆದವು! ಯಂತ್ರ ನಳಿಕೆಯನ್ನೇ ರೋಗ ಅಂತ ಕಲಿತುಬಿಡತ್ತೆ. ಆಗಲೇ ಚಿಕಿತ್ಸೆ ಸಿಕ್ಕವರನ್ನ ಸರಿಯಾಗಿ ಹಿಡಿಯತ್ತೆ, ಚಿಕಿತ್ಸೆ ಸಿಗಬೇಕಾದವರ ವಿಷಯದಲ್ಲಿ ಎಡವತ್ತೆ. ಅಂಕಪಟ್ಟಿ ಮಾತ್ರ ಚೆನ್ನಾಗಿರತ್ತೆ. ನೆನೆಸಿಕೊಂಡರೆ ಭಯ ಆಗತ್ತೆ ಅಕ್ಕಾ.

ಕೋವಿಡ್ ಕಾಲದಲ್ಲೂ ಅದೇ ಕಥೆ. ಎದೆಯ ಚಿತ್ರ ನೋಡಿ ಯಂತ್ರ ಕೋವಿಡ್ ಗುರುತಿಸೋದರ ಬಗ್ಗೆ ಬಂದ 2,212 ಅಧ್ಯಯನಗಳನ್ನ ಕೇಂಬ್ರಿಡ್ಜಿನವರ ಮುಂದಾಳುತನದ ತಂಡ ಜಾಲಾಡಿ, ಕೊನೆಗೆ 62ನ್ನ ಕೂಲಂಕಷವಾಗಿ ನೋಡಿತು. ಆಸ್ಪತ್ರೆಯಲ್ಲಿ ಬಳಸೋ ಹಾಗಿದ್ದದ್ದು ಒಂದೂ ಇಲ್ಲ. ಕೆಲವರಂತೂ ಕೋವಿಡ್ ಇಲ್ಲದವರ ಚಿತ್ರ ಅಂತ ಪುಟ್ಟ ಮಕ್ಕಳ ಎಕ್ಸ್‌ರೇ ಕೊಟ್ಟಿದ್ದರು. ಯಂತ್ರಕ್ಕೆ ದೊಡ್ಡವರು, ಮಕ್ಕಳು ಅನ್ನೋ ವ್ಯತ್ಯಾಸ ತಿಳಿದರೆ ಸಾಕಾಯ್ತು.

ಹಾಗಂತ ಕೈಬಿಡೋ ವಿದ್ಯೆ ಅಲ್ಲ ಇದು. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಡೋದನ್ನ ಗುರುತಿಸೋ ಗೂಗಲ್ ಅಧ್ಯಯನ 2016ರಲ್ಲಿ ಬಂತಲ್ಲ, ಅದಕ್ಕೆ ಚಿತ್ರ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಇತ್ತು. ಕಲಿಸೋಕೆ 1,28,175 ಚಿತ್ರ, ಗುರುತು ಹಾಕೋಕೆ 54 ಕಣ್ಣಿನ ಡಾಕ್ಟರು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲ ನೋಡಿಸಿದ್ದಾರೆ. ಆ ತಾಳ್ಮೆಗೆ ಕೈಮುಗೀಬೇಕು. ಅಷ್ಟಾದರೂ ಥಾಯ್ಲೆಂಡಿನ ಊರುಗಳ ಕ್ಲಿನಿಕ್ಕಿಗೆ ಹೋದಾಗ ಐದರಲ್ಲೊಂದು ಚಿತ್ರವನ್ನ ಆ ಯಂತ್ರ ಸ್ಪಷ್ಟವಾಗಿಲ್ಲ ಅಂತ ತಿರಸ್ಕರಿಸಿತಂತೆ. ಕೋಣೆಯ ಬೆಳಕು ಸರಿಯಿಲ್ಲದ್ದೂ ಒಂದು ಕಾರಣ.

ನಿಮ್ಮ ತಮ್ಮ ನರ್ಸಿಂಗ್ ಹೋಮಿಗೆ ಇಂಥದ್ದೊಂದನ್ನ ತರಿಸ್ತೀನಿ ಅಂತಿದ್ದರಲ್ಲ. ಶೇಕಡ ಎಷ್ಟು ಸರಿ ಅಂತ ಕೇಳಿ ಸುಮ್ಮನಾಗಬೇಡಿ ಅನ್ನಿ. ನಮ್ಮ ಮಿಷಿನ್ನಲ್ಲಿ ತೆಗೆದ, ನಮ್ಮ ರೋಗಿಗಳ ಚಿತ್ರದ ಮೇಲೆ ಪರೀಕ್ಷೆ ಮಾಡಿ ತೋರಿಸಿ ಅಂತ ಪಟ್ಟು ಹಿಡೀಲಿ. ಆಮೇಲೆ ದುಡ್ಡು ಕೊಡಲಿ.